ಕ್ರೇನ್ ಮೇಲೂ ಲಿಬೆರ್, ಫ್ರಿಜ್ ಮೇಲೂ ಲಿಬೆರ್. ಎರಡೂ ಒಂದೇ ಕಂಪನಿನಾ?

ಟಿಳಕವಾಡಿ ಮಾವ:
ಹೋದ ತಿಂಗಳು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದೆ. ಬಾಲ್ಕನಿ ಎದುರಿಗೇ ಟವರ್ ಕ್ರೇನ್. ಬೆಳಿಗ್ಗೆ ಚಹಾ ಹಿಡಿದು ಕೂತರೆ ಅದನ್ನೇ ನೋಡೋದು. ಮೇಲೆ ದೊಡ್ಡದಾಗಿ ಲಿಬೆರ್ ಅಂತ ಬರೆದಿತ್ತು. ಬೆಳಗಾವಿಗೆ ಬಂದು ಕಾಲೇಜ್ ರೋಡಿನಲ್ಲಿ ಫ್ರಿಜ್ ನೋಡಲು ಹೋದರೆ ಬಾಗಿಲ ಮೇಲೆ ಅದೇ ಹೆಸರು! ಅಂಗಡಿ ಹುಡುಗ "ಅದು ಬೇರೆ, ಇದು ಬೇರೆ ಸರ" ಅಂದ. ಹೌದಾ?

ಉದ್ಯಮಬಾಗ ಹಳೇ ಕೈ:
ಒಂದೇ ಮನೆತನದ್ದು ಸರ. ಮೂವತ್ತು ವರ್ಷ ಫೌಂಡ್ರಿಯಲ್ಲಿ ಭಾರ ಎತ್ತೋ ಸ್ಲಿಂಗ್ ಹಗ್ಗ ಕಟ್ಟಿದವ ನಾನು, ಕ್ರೇನ್ ಕಥೆ ಅಂದರೆ ಊಟ ಬಿಟ್ಟು ಕೂರುತ್ತೇನೆ.

ಹಾನ್ಸ್ ಲಿಬೆರ್ ಅವರದು ಜರ್ಮನಿಯ ಕಿರ್ಶ್‌ಡಾರ್ಫ್‌ನಲ್ಲಿ ತಂದೆ-ತಾಯಿಯಿಂದ ಬಂದ ಕಟ್ಟಡದ ಕೆಲಸ. ಎರಡನೇ ಮಹಾಯುದ್ಧದಲ್ಲಿ ಊರೂರೇ ಬಿದ್ದಿದ್ದವು, ಎಲ್ಲರಿಗೂ ಮನೆ ಬೇಕು. ಇಟ್ಟಿಗೆ, ಗಾರೆ ಮೇಲೆ ಸಾಗಿಸೋದೇ ದೊಡ್ಡ ತಲೆನೋವು. 1949ರಲ್ಲಿ ಅವರು ಟಿಕೆ 10 ಅನ್ನೋ ಟವರ್ ಕ್ರೇನ್ ಮಾಡಿದರು. ಅದನ್ನು ಸೈಟಿಗೆ ಎಳೆದುಕೊಂಡು ಹೋಗಿ, ಅಲ್ಲೇ ಬೇಗ ಎಬ್ಬಿಸಿ ನಿಲ್ಲಿಸಬಹುದಿತ್ತು. ಕೆಲಸ ಮುಗಿದರೆ ಮುಂದಿನ ಸೈಟು. ಗೌಂಡಿ ಕೆಲಸ ಗೊತ್ತಿದ್ದವರಿಗೇ ಹೊಳೆಯೋ ಮಾತು ಇದು, ಅಲ್ವಾ? ಅದೇ ವರ್ಷ ಫ್ರಾಂಕ್‌ಫರ್ಟ್ ಮೇಳದಲ್ಲಿ ಅದನ್ನು ನಿಲ್ಲಿಸಿ ತೋರಿಸಿದರು.

ಫ್ರಿಜ್ ಶುರುವಾಗಿದ್ದು 1954ರಲ್ಲಿ, ಓಕ್ಸನ್‌ಹೌಸನ್ ಅನ್ನೋ ಊರಲ್ಲಿ. ನನ್ನ ಲೆಕ್ಕ ಸರಳ: ಮನೆ ಕಟ್ಟಿ ಮುಗಿದ ಮೇಲೆ ಒಳಗೆ ಫ್ರಿಜ್ ಬೇಕೇ ಬೇಕು!

ಮುಂದಿನ ಸಲ ಬಾಲ್ಕನಿಯಲ್ಲಿ ಕೂತಾಗ ಒಂದು ಗಮನಿಸಿ. ಉದ್ದ ತೋಳಿನ ಮೇಲೆ ಕೊಕ್ಕೆ ಹೊತ್ತು ಓಡಾಡೋ ಟ್ರಾಲಿ ಕಂಬದಿಂದ ದೂರ ಹೋದಷ್ಟೂ ಎತ್ತೋ ಭಾರ ಕಡಿಮೆ ಆಗಬೇಕು. ಹಿಂದಿನ ಗಿಡ್ಡ ತೋಳಿಗೆ ನೇತು ಹಾಕಿದ ಕಾಂಕ್ರೀಟ್ ತುಂಡುಗಳು ಅದೇ ತೂಕ ಸರಿದೂಗಿಸೋಕೆ. ಒಮ್ಮೆ ನಮ್ಮಲ್ಲಿ ಬಾಡಿಗೆ ಹೈಡ್ರಾದವ, ಅಂದರೆ ಗಾಲಿ ಕ್ರೇನಿನವ, ಲೇತ್ ಮಷಿನ್ ಇಳಿಸುವಾಗ ಬೂಮ್ (ಕ್ರೇನಿನ ತೋಳು) ಸುಮ್ನೆ ಜಾಸ್ತಿ ಚಾಚಿದ. ಹಿಂದಿನ ಗಾಲಿ ಒಂದು ಗೇಣು ಎದ್ದವು. ನಾನು ಲೇತ್ ಪಕ್ಕದಲ್ಲೇ ಇದ್ದೆ. ಇವತ್ತಿಗೂ ಬೂಮ್ ಕೆಳಗೆ ನಡೆಯಲ್ಲ.

ಸೈಟ್ ಹುಡುಗ:
ಅಣ್ಣಾ, ನಮ್ಮ ಸೈಟಲ್ಲಿ ಪೋತೇನ್ ಕ್ರೇನ್ ಇದೆ. ಅದೂ ಜರ್ಮನಿದಾ?

ಉದ್ಯಮಬಾಗ ಹಳೇ ಕೈ:
ಅಲ್ಲಪ್ಪ, ಫ್ರಾನ್ಸಿನದು. ಫೋಸ್ಟಾನ್ ಪೋತೇನ್ 1928ರಲ್ಲಿ ಲಾ ಕ್ಲೆಯೆಟ್‌ನಲ್ಲಿ ಶುರು ಮಾಡಿದ್ದು. 2001ರಲ್ಲಿ ಅಮೆರಿಕದ ಮ್ಯಾನಿಟೊವಾಕ್ ಕೊಂಡುಕೊಂಡಿತು. ಆ ಮ್ಯಾನಿಟೊವಾಕ್‌ನವರು 1902ರಲ್ಲಿ ಹಡಗು ಕಟ್ಟೋಕೆ ಇಳಿದವರು! ಅಂದಹಾಗೆ ಹೈಡ್ರಾ ಅನ್ನೋದೂ ಎಸ್ಕಾರ್ಟ್ಸ್ ಕಂಪನಿಯವರ ಕ್ರೇನಿನ ಹೆಸರು. ನಾವು ಯಾವ ಕಂಪನಿಯದು ಬಂದರೂ "ಹೈಡ್ರಾ ಬಂತು" ಅಂತೀವಿ.

ಟಿಳಕವಾಡಿ ಮಾವ:
ಇದನ್ನೆಲ್ಲ ಅಂಗಡಿ ಹುಡುಗನಿಗೆ ಓದಿ ಹೇಳಿದೆ. ಬಾಯಿ ಬಿಟ್ಟುಕೊಂಡು ಕೇಳಿದ. ರೇಟ್ ಮಾತ್ರ ಒಂದು ರೂಪಾಯಿ ಇಳಿಸಲಿಲ್ಲ.