ಉಪ್ಪುನೀರಿನ ಚಹಾ

"ಪದ್ಮಕ್ಕ, ಇದಕ್ಕೆ ನಗಬೇಕೋ ಅಳಬೇಕೋ?" ನಾಗೇಶ ಇಂಗ್ಲೆಂಡಿನ ಆ ಪಬ್ಬಿನ ಗೋಡೆಯ ಕಡೆ ಕೈ ತೋರಿಸಿದ. ಕೆಂಪು, ಬಿಳಿ, ನೀಲಿ ಕಾಗದದ ತೋರಣ. ಕೆಳಗೊಂದು ಬೋರ್ಡು: ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನದ ವಿಶೇಷ, ಎರಡು ಬರ್ಗರ್ ಕೊಂಡರೆ ಒಂದು ಬಿಯರ್ ಫ್ರೀ.

"ಅಳೋದ್ಯಾಕೆ? ಆಸ್ತಿ ಕೇಸು ಸೋತವರು ಗೆದ್ದವನ ಗೃಹಪ್ರವೇಶದ ದಿನ ಹೋಳಿಗೆ ಅಂಗಡಿ ಹಾಕಿದ್ದಾರೆ ಅಷ್ಟೇ" ಎಂದರು ಪದ್ಮಕ್ಕ.

ಶೀನಣ್ಣ ಆಗಲೇ ಎರಡನೇ ಬರ್ಗರಿಗೆ ಬಾಯಿ ಹಾಕಿದ್ದ. "ಅದರಲ್ಲೇನಿದೆ ಬಿಡಿ. ಅಮೆರಿಕದಿಂದ ಸ್ಕೂಲ್ ಪ್ರಾಮ್ ಬಂತು, ಬೇಬಿ ಶವರ್ ಬಂತು, ಬ್ಲ್ಯಾಕ್ ಫ್ರೈಡೇನೂ ಬಂತು. ಇದೂ ಬರಲಿ."

"ಥ್ಯಾಂಕ್ಸ್‌ಗಿವಿಂಗ್ ಬರಲಿಲ್ಲ, ಅದರ ಮಾರನೇ ದಿನದ ಸೇಲ್ ಮಾತ್ರ ಬಂತು ನೋಡು. ತಿಥಿ ಇಲ್ಲದೆ ವಡೆ!"

ನಾಗೇಶ ಪಕ್ಕದಲ್ಲಿದ್ದ ಪೀಟರ್ ಕಡೆ ತಿರುಗಿದ. "ನೀವೇ ಹೇಳಿ, ಈ ದಿನ ನಿಮ್ಮವರಿಗೆ ಬೇಜಾರಾಗಲ್ವಾ?"

"ಯಾವ ದಿನ?" ಎಂದರು ಪೀಟರ್.

"ಇವತ್ತು! ಅಮೆರಿಕ ನಿಮ್ಮ ಕೈತಪ್ಪಿದ ದಿನ!"

"ಓ, ಅದಾ! ಶಾಲೆಯಲ್ಲಿ ನಮಗೆ ಹೇಳಿಕೊಡಲೇ ಇಲ್ಲಪ್ಪ. ಎಂಟನೇ ಹೆನ್ರಿ, ಅವನ ಆರು ಹೆಂಡತಿಯರು, 1666ರ ಲಂಡನ್ ಬೆಂಕಿ, ಆಮೇಲೆ ನೇರ ಹಿಟ್ಲರ್. ಮಧ್ಯದಲ್ಲಿ ಎಲ್ಲೋ ಒಂದು ಖಂಡ ಹೋಯಿತು ಅಂತ ಕಾಣುತ್ತೆ."

(ಪೀಟರ್ ಆಡಿದ್ದು ಇಂಗ್ಲಿಷೇ. ಆದರೆ ಮೀಸೆ ಒರೆಸಿಕೊಂಡ ರೀತಿ ಥೇಟ್ ನಮ್ಮೂರ ಜಗಲಿಯದು.)

ನಾಗೇಶನಿಗೆ ನಿರಾಸೆಯಾಯಿತು. "2026ಕ್ಕೆ 250 ವರ್ಷ. ಒಂದು ಚೂರೂ ಹೊಟ್ಟೆ ಉರಿಯಲ್ವಾ?"

"ಒಂದೇ ಆಗಿದ್ದರೆ ಉರಿಯುತ್ತಿತ್ತೇನೋ. ನಮ್ಮಿಂದ ಬಿಡಿಸಿಕೊಂಡ ದಿನ ಅಂತ ಹಬ್ಬ ಮಾಡೋ ದೇಶ ಎಷ್ಟಿವೆ! ಒಂದೊಂದಕ್ಕೂ ಅಳುತ್ತಾ ಕೂತರೆ ಕೆಲಸಕ್ಕೆ ಹೋಗೋದು ಯಾವಾಗ? ಮುಂದಿನ ತಿಂಗಳು ನಿಮ್ಮದೂ ಇದೆ."

"ಆದರೂ ಆಗಿನ ನಿಮ್ಮ ರಾಜ ಮೂರನೇ ಜಾರ್ಜ್ ಅವತ್ತಿನ ಡೈರಿಯಲ್ಲಿ 'ಇವತ್ತು ವಿಶೇಷ ಏನಿಲ್ಲ' ಅಂತ ಬರೆದಿದ್ದನಂತೆ..."

"ಅವನು ಡೈರಿ ಇಟ್ಟೇ ಇರಲಿಲ್ಲ ಕಣೋ" ಎಂದರು ಪದ್ಮಕ್ಕ. "ಇಟ್ಟಿದ್ದರೂ ಸುದ್ದಿ ಹಡಗಿನಲ್ಲಿ ಬರಲು ವಾರಗಟ್ಟಲೆ ಬೇಕಿತ್ತು. ನಿನ್ನ ವಾಟ್ಸಾಪ್ ಅಂದುಕೊಂಡೆಯಾ? ಲಂಡನ್ನಿಗೆ ಆಗ ಅಮೆರಿಕ ಒಂದೇ ತಲೆನೋವೂ ಅಲ್ಲ. 1778ರಲ್ಲಿ ಫ್ರಾನ್ಸ್ ಮೈಮೇಲೆ ಬಿತ್ತು, 79ರಲ್ಲಿ ಸ್ಪೇನ್. 80ರಲ್ಲಿ ಪೊಲ್ಲಿಲೂರಿನಲ್ಲಿ ನಮ್ಮ ಹೈದರ್, ಟಿಪ್ಪು ಸೇರಿ ಕಂಪನಿ ಪಡೆಯನ್ನು ಚಚ್ಚಿ ಹಾಕಿದರು. ಅಮೆರಿಕದವರು ಒಂದು ಹಡಗಿಗೇ ಹೈದರ್ ಅಲಿ ಅಂತ ಹೆಸರಿಟ್ಟಿದ್ದರು ಗೊತ್ತಾ? 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು 'ಜನರಲ್ ಮಾಂಕ್' ಅನ್ನೋ ಬ್ರಿಟಿಷ್ ಹಡಗನ್ನು ಹಿಡಿಯಿತು."

ಶೀನಣ್ಣ ಎದೆ ಉಬ್ಬಿಸಿದ. "ಹಾಗಾದರೆ ಅಮೆರಿಕದ ಸ್ವಾತಂತ್ರ್ಯದಲ್ಲಿ ಮೈಸೂರಿಗೂ ಪಾಲಿದೆ! ನನಗೆ ಇನ್ನೊಂದು ಬಿಯರ್ ಫ್ರೀ ಬರಬೇಕು."

"ಪಾಲು ಬಂತಲ್ಲಪ್ಪ, ಕಾರ್ನ್‌ವಾಲಿಸ್ ರೂಪದಲ್ಲಿ! ಬ್ರಿಟಿಷ್ ಸೇನಾಪತಿ, 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತ. ಶರಣಾಗೋ ಹೊತ್ತಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಕೈಕೆಳಗಿನವನ ಕೈಲಿ ಕತ್ತಿ ಕೊಟ್ಟು ಕಳಿಸಿದ. ಅಂಥವನಿಗೆ ಐದೇ ವರ್ಷಕ್ಕೆ ಇಂಡಿಯಾದ ಗವರ್ನರ್ ಜನರಲ್ ಹುದ್ದೆ. 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ತೀರೋವರೆಗೆ ಒತ್ತೆಗೆ ಇಬ್ಬರು ಮಕ್ಕಳು ಅಂತ ಬರೆಸಿಕೊಂಡ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ."

"ಯಾರು ಈ ಕಾರ್ನ್‌ವಾಲಿಸ್?" ಎಂದು ಕೇಳಿದರು ಪೀಟರ್.

ಪದ್ಮಕ್ಕ ಹಣೆ ಚಚ್ಚಿಕೊಂಡರು. "ನಿಮ್ಮ ಸೇಂಟ್ ಪಾಲ್ಸ್ ಚರ್ಚಿನ ಒಳಗೆ ಅವನ ಸ್ಮಾರಕ ಇದೆ. ಅವನನ್ನು ಸೋಲಿಸಿದ ವಾಷಿಂಗ್ಟನ್ ಟ್ರಫಾಲ್ಗರ್ ಚೌಕದಲ್ಲಿ ನಿಂತಿದ್ದಾನೆ. ಸೋತವನಿಗೂ ಕಲ್ಲು, ಸೋಲಿಸಿದವನಿಗೂ ಪ್ರತಿಮೆ. ಇಂಥ ಮನೆಯವರ ಜೊತೆ ಜಗಳ ತೆಗೆಯೋದಾದರೂ ಹೇಗೆ?"

"ನಮ್ಮ ರಾಣಿಯೇ 1976ರಲ್ಲಿ ಫಿಲಡೆಲ್ಫಿಯಾಗೆ ಹೋಗಿ ಗಂಟೆ ಉಡುಗೊರೆ ಕೊಟ್ಟು ಬಂದರು" ಎಂದರು ಪೀಟರ್. "ನೀವು ನಮಗೆ ಒಳ್ಳೆ ಪಾಠ ಕಲಿಸಿದಿರಿ ಅಂದರು. ಕೈಯಲ್ಲಿ ಉಳಿಯದ್ದನ್ನು ಯಾವಾಗ, ಹೇಗೆ ಬಿಡಬೇಕು ಅನ್ನೋ ಪಾಠ."

"ಅಮೆರಿಕ ಬಿಟ್ಟುಕೊಟ್ಟು ಪಾಠ ಮುಗಿದದ್ದು 1783ರಲ್ಲಿ. ನಮ್ಮ ಫಲಿತಾಂಶ ಬಂದದ್ದು 1947ರಲ್ಲಿ. ಇಷ್ಟು ನಿಧಾನದ ಹುಡುಗನನ್ನು ನಮ್ಮ ಮೇಷ್ಟ್ರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು."

ನಾಗೇಶ ಬಿಡಲಿಲ್ಲ. "ಹಾಗಾದರೆ ಅಮೆರಿಕದ ಮೇಲೆ ಸಿಟ್ಟೇ ಇಲ್ಲ ಅನ್ನಿ."

ಪೀಟರ್ ಮುಖ ಮೊದಲ ಸಲ ಕೆಂಪಾಯಿತು. "ಇದೆ. ಚಹಾ! 2024ರ ಜನವರಿಯಲ್ಲಿ ಅಲ್ಲಿನ ರಸಾಯನಶಾಸ್ತ್ರದ ಪ್ರೊಫೆಸರ್ ಒಬ್ಬರು ಚಹಾಕ್ಕೆ ಚಿಟಿಕೆ ಉಪ್ಪು ಹಾಕಿ ಅಂದುಬಿಟ್ಟರು. ಇಲ್ಲಿ ಗಲಾಟೆ. ಕೊನೆಗೆ ಲಂಡನ್ನಿನ ಅಮೆರಿಕದ ರಾಯಭಾರ ಕಚೇರಿಯೇ ಸಮಾಧಾನ ಹೇಳಬೇಕಾಯಿತು. ಉಪ್ಪು ನಮ್ಮ ಸರ್ಕಾರದ ನೀತಿ ಅಲ್ಲ, ನಾವು ಎಂದಿನಂತೆ ಸರಿಯಾದ ಕ್ರಮದಲ್ಲೇ ಚಹಾ ಮಾಡುತ್ತೇವೆ, ಅಂದರೆ ಮೈಕ್ರೋವೇವಿನಲ್ಲಿ ಅಂತ! ಮೈಕ್ರೋವೇವಿನಲ್ಲಿ!"

"ಉಪ್ಪು ಅವರಿಗೆ ಹೊಸದಲ್ಲ ಬಿಡಿ" ಎಂದರು ಪದ್ಮಕ್ಕ. "1773ರಲ್ಲೇ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾಕ್ಕೆ ಒಂದೇ ರಾತ್ರಿ ಉಪ್ಪು ಹಾಕಿದ್ದರಲ್ಲ. ಅವರು ಚಹಾನ ಸಮುದ್ರಕ್ಕೆ ಸುರಿದರು. ನಾವು ದಂಡಿಯಲ್ಲಿ ಸಮುದ್ರದಿಂದ ಉಪ್ಪು ಎತ್ತಿದೆವು. ಚಹಾ ಮಾತ್ರ ಬಿಡಲಿಲ್ಲ."

"ಉಪ್ಪುಂಡ ಮನೆಗೆ ಎರಡು ಬಗೆದರು ಅನ್ನಿ" ಎಂದು ಶೀನಣ್ಣ ತನ್ನ ಗಾದೆಯನ್ನೂ ಸೇರಿಸಿದ.

"ಇಲ್ಲಿನ ಅಡುಗೆಯಲ್ಲಿ ಉಪ್ಪೆಲ್ಲಿದೆಯೋ, ದ್ರೋಹ ಬಗೆಯೋಕೆ?"

ಪೀಟರ್ ನಗಲಿಲ್ಲ. ಮೇಜಿನ ಮೇಲಿದ್ದ ಫೋನನ್ನು ತಿರುಗಿಸಿ ಗಂಟೆ ನೋಡಿದರು. ಏಳಕ್ಕೆ ಹತ್ತು ನಿಮಿಷ ಇತ್ತು.

"ಮಗಳು ಬಾಸ್ಟನ್ನಿನಲ್ಲೇ ಇರೋದು" ಎಂದರು. "ಕ್ರಿಸ್‌ಮಸ್ಸಿಗೆ ಇಲ್ಲಿಂದ ಒಂದು ಕೆಟಲ್ ಕಳಿಸಿದ್ದೆ. ಪಿನ್ನು ಕೂರಲಿಲ್ಲ. ಅಡಾಪ್ಟರ್ ಕಳಿಸಿದೆ. ಆಗ ಗೊತ್ತಾಯಿತು, ಅಲ್ಲಿ ಬರೋದು 120 ವೋಲ್ಟ್, ಇಲ್ಲಿಯದರಲ್ಲಿ ಅರ್ಧ. ಇಲ್ಲಿ ಮೂರು ನಿಮಿಷಕ್ಕೆ ಕುದಿಯೋ ನೀರು ಅಲ್ಲಿ ಹತ್ತು ನಿಮಿಷ ಆದರೂ ಸುಮ್ನೆ ಗುಂಯ್ ಅನ್ನುತ್ತೆ. ಅವಳೂ ಈಗ ಮೈಕ್ರೋವೇವೇ."

ಯಾರೂ ಮಾತಾಡಲಿಲ್ಲ. ಶೀನಣ್ಣ ಕೂಡ ಅಗಿಯುವುದು ನಿಲ್ಲಿಸಿದ.

"ಮೊಮ್ಮಗನಿಗೆ ಏಳು ವರ್ಷ. ಪ್ರತಿ ಜುಲೈ ನಾಲ್ಕಕ್ಕೆ ವಿಡಿಯೋ ಕಾಲ್ ಮಾಡುತ್ತಾನೆ. ಅಲ್ಲಿ ಮಧ್ಯಾಹ್ನ ಎರಡು. ತಾತ, ಇವತ್ತು ನಾವು ನಿನ್ನನ್ನು ಸೋಲಿಸಿದ ದಿನ ಅಂತಾನೆ. ನಾನು ಶರಣಾಗಬೇಕು. ಒಂದು ವರ್ಷ ಮರೆತಿದ್ದೆ, ಅತ್ತುಬಿಟ್ಟ."

"ಮತ್ತೆ ಆಗಲೇ ಯಾವ ದಿನ ಅಂತ ಕೇಳಿದಿರಿ!" ಎಂದ ನಾಗೇಶ. ಪದ್ಮಕ್ಕ ಮೇಜಿನ ಕೆಳಗೆ ಅವನ ಕಾಲು ತುಳಿದರು.

ಫೋನ್ ಬಡಿದುಕೊಂಡಿತು. ಪೀಟರ್ ಎದ್ದರು. ಬರ್ಗರ್ ತಟ್ಟೆಯ ಪಕ್ಕದಲ್ಲಿದ್ದ ಬಿಳಿ ಕಾಗದದ ಕರವಸ್ತ್ರವನ್ನು ಎತ್ತಿಕೊಂಡು, ಸಿಗ್ನಲ್ ಸಿಗುವ ಬೇಲಿಯ ಹತ್ತಿರ ಹೋಗಿ ನಿಂತರು. ಫೋನನ್ನು ಒಂದು ಕೈಯಲ್ಲಿ ದೂರ ಹಿಡಿದು, ಇನ್ನೊಂದು ಕೈಯಿಂದ ಆ ಕಾಗದವನ್ನು ತಲೆಯ ಮೇಲೆ ಜೋರಾಗಿ ಬೀಸತೊಡಗಿದರು.

"ಕಾರ್ನ್‌ವಾಲಿಸ್ ಕೈಕೆಳಗಿನವನನ್ನು ಕಳಿಸಿದ್ದ" ಎಂದರು ಪದ್ಮಕ್ಕ. "ಇವರು ತಾವೇ ಹೋದರು ನೋಡು."