ಮ್ಯಾಟ್ರಿಜೆಲ್ ಇನ್ವೇಷನ್: ಎಂಸಿಎಫ್-7 ಕೂಡ ಕೆಳಗಿಳಿಯುತ್ತಿದೆ, ಯಾಕೆ?

ಗಂಗೋತ್ರಿ_ಸೆಲ್:
ನಮಸ್ಕಾರ. ಮೈಸೂರಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ. 24 ವೆಲ್ ಪ್ಲೇಟ್, ವೆಲ್ಲಿನೊಳಗೆ ಕೂರುವ, ತಳದಲ್ಲಿ 8 ಮೈಕ್ರಾನ್ ರಂಧ್ರದ ಪೊರೆಯಿರುವ ಇನ್ಸರ್ಟ್. ಅದರ ಮೇಲೆ ಮ್ಯಾಟ್ರಿಜೆಲ್ (ಅಂಗಾಂಶದ ಆಧಾರ ಪೊರೆಯನ್ನು ಹೋಲುವ ಪ್ರೋಟೀನ್ ಜೆಲ್) 1:100 ತೆಳು ಮಾಡಿ 100 ಮೈಕ್ರೋಲೀಟರ್ ಹಾಕಿದೆ; ಕೋಶ ಇದನ್ನು ಕೊರೆದು ದಾಟುವುದೇ ಇನ್ವೇಷನ್. ಮೇಲೆ 1 ಲಕ್ಷ ಕೋಶ, ಕೆಳಗೆ ಸೆಳೆಯಲು 10% ಸೀರಮ್, 48 ಗಂಟೆ. ಚೆನ್ನಾಗಿ ನುಗ್ಗುವ ಎಂಡಿಎ-ಎಂಬಿ-231 ಕೋಶಗಳು ದಾಟಿದ್ದು ಸರಿ, ಆದರೆ ಅಷ್ಟಾಗಿ ನುಗ್ಗದ ಎಂಸಿಎಫ್-7 ಕೂಡ ಅದರ ಅರ್ಧದಷ್ಟು ದಾಟಿದೆ! ಜಿಎಂ6001 (ಜೆಲ್ ಕತ್ತರಿಸುವ ಎಂಎಂಪಿ ಕಿಣ್ವಗಳ ತಡೆ) ಕೊಟ್ಟರೂ 231 ಕಡಿಮೆಯಾಗುತ್ತಿಲ್ಲ. ಎಲ್ಲಿ ಎಡವಿದ್ದೇನೆ?

ಪಾಕದ_ಹದ:
ಮೊದಲು ಕೋಟಿಂಗ್, ಅಂದರೆ ಜೆಲ್ ಪದರ ನೋಡಿ. 1:100 ಅನ್ನುವ ಲೆಕ್ಕವೇ ಬೇಡ, ಲಾಟ್‌ನಿಂದ ಲಾಟ್‌ಗೆ ಪ್ರೋಟೀನ್ ಬೇರೆ. ಬಾಟಲಿ ಜೊತೆ ಬಂದ ಸರ್ಟಿಫಿಕೇಟಲ್ಲಿ ಮಿಲಿಗ್ರಾಂ ನೋಡಿ ಲೆಕ್ಕ ಹಾಕಿ. ಸ್ಟಾಕ್ 9 ಮಿ.ಗ್ರಾಂ/ಮಿ.ಲೀ ಇದ್ದರೆ ನಿಮ್ಮದು 90 ಮೈಕ್ರೋಗ್ರಾಂ/ಮಿ.ಲೀ ಆಯಿತು, ಬೇಕಿರುವುದು 200ರಿಂದ 300. ಅಂದರೆ 1 ಮಿ.ಲೀಗೆ ಸುಮಾರು 33 ಮೈಕ್ರೋಲೀಟರ್ ಸ್ಟಾಕ್. ನಿಮ್ಮ ತೆಳು ಪದರದಲ್ಲಿ ಅಲ್ಲಲ್ಲಿ ಬರಿಯ ರಂಧ್ರ ಉಳಿಯುತ್ತದೆ, ಎಂಸಿಎಫ್-7 ಅಲ್ಲಿಂದ ಇಳಿಯುತ್ತದೆ. ಅದು ಇನ್ವೇಷನ್ ಅಲ್ಲ, ಬಾಗಿಲು ತೆರೆದಿದ್ದರೆ ಯಾರಾದರೂ ಹೊರಗೆ ಬರುತ್ತಾರೆ.

ಕರಗಿಸುವುದು ರಾತ್ರಿಯಿಡೀ 4 ಡಿಗ್ರಿಯಲ್ಲಿ, ಐಸ್ ಮೇಲೆ. ಟಿಪ್, ಟ್ಯೂಬ್, ಇನ್ಸರ್ಟ್, ಸೀರಮ್ ಇಲ್ಲದ ಮೀಡಿಯಂ ಎಲ್ಲ ಮೊದಲೇ ತಣ್ಣಗಿರಲಿ. 10 ಡಿಗ್ರಿ ದಾಟಿದರೆ ಗಟ್ಟಿಯಾಗಲು ಶುರು, 22 ದಾಟಿದರೆ ಬೇಗನೆ ಗಟ್ಟಿ. ಏಪ್ರಿಲ್‌ನಲ್ಲಿ ಬೆಂಚಿನ ಮೇಲೆ ಬಿದ್ದಿದ್ದ ಟಿಪ್ಪಿನೊಳಗೇ ಪಾಕ ಹರಳುಗಟ್ಟಿದ ಹಾಗೆ ಆಗಿಬಿಡುತ್ತದೆ. ಗುಳ್ಳೆ ಬಿಡದೆ ಸುರಿದು 37 ಡಿಗ್ರಿಯಲ್ಲಿ 2 ಗಂಟೆ. ಪುಟ್ಟ ಪಾಲು ಮಾಡಿ ಮೈನಸ್ 20ರಲ್ಲಿಡಿ. ತಾನೇ ಹಿಮ ಕರಗಿಸುವ ಫ್ರಿಜ್ ಬೇಡ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಲೆಕ್ಕಿಗ_24:
ಕೋಶ ಜಾಸ್ತಿ, ಹೊತ್ತೂ ಜಾಸ್ತಿ. 25ರಿಂದ 50 ಸಾವಿರ, 22ರಿಂದ 24 ಗಂಟೆ ಸಾಕು. 48 ಗಂಟೆಯಲ್ಲಿ ದಾಟಿದವು ಕೆಳಗೇ ಮರಿ ಹಾಕಿರುತ್ತವೆ, ನೀವು ಎಣಿಸುವುದು ಬೆಳವಣಿಗೆಯನ್ನು.

ಕೋಟಿಂಗ್ ಇಲ್ಲದ ಇನ್ಸರ್ಟ್ ಹಾಕಿದ್ದೀರಾ? ಪ್ರಶ್ನೆಯಲ್ಲಿ ಕಾಣಲಿಲ್ಲ. ಕೋಟಿಂಗ್ ದಾಟಿದ್ದನ್ನು ಬರಿ ಪೊರೆ ದಾಟಿದ್ದರಿಂದ ಭಾಗಿಸಿ 100ರಿಂದ ಗುಣಿಸಬೇಕು, ಇಲ್ಲದಿದ್ದರೆ ಬರಿ ಓಡಾಟಕ್ಕೂ ಕೊರೆತಕ್ಕೂ ವ್ಯತ್ಯಾಸವೇ ತಿಳಿಯದು. ಕೋಶ ಬಿಡಿಸುವ ಟ್ರಿಪ್ಸಿನ್ ನಿಲ್ಲಿಸಲು ಸೀರಮ್ ಬಳಸಿದ್ದರೆ ಸೀರಮ್ ಇಲ್ಲದ ಮೀಡಿಯಂನಲ್ಲಿ ಎರಡು ಸಲ ತೊಳೆಯಿರಿ. ಮೇಲೂ ಸೀರಮ್ ಇದ್ದರೆ ಕೆಳಗೆ ಸೆಳೆಯುವುದೇನು? ಇನ್ಸರ್ಟ್ ಅಡಿ ಗುಳ್ಳೆ ಸಿಕ್ಕರೆ ಅಲ್ಲಿ ಒಂದು ಕೋಶವೂ ಇಳಿಯದು. ದಾಟದೆ ಮೇಲೆ ಉಳಿದ ಕೋಶ ಒರೆಸುವ ಹತ್ತಿಕಡ್ಡಿ ಅಂಚಿಗೂ ಮುಟ್ಟಲಿ.

ಕಬ್ಬಿನಗದ್ದೆ_ಮಂಡ್ಯ:
ಜಿಎಂ6001 ವಿಷಯ ಬೇರೆ. ಕಬ್ಬಿನ ಗದ್ದೆಯೊಳಗೆ ಹೋಗಲು ದಾರಿ ಎರಡು: ಕತ್ತಿಯಲ್ಲಿ ಕಡಿದುಕೊಂಡು, ಇಲ್ಲವೇ ಸಾಲಿನ ಸಂದಿಯಲ್ಲಿ ಮೈ ಹಿಂಡಿಕೊಂಡು. ಕಡಿಯುವ ಕೋಶಗಳು ಇನ್ವಡೊಪೋಡಿಯಾ ಎಂಬ ಚಾಚು ಚಾಚುತ್ತವೆ. ಒಳಗೆ ಆಕ್ಟಿನ್, ಕಾರ್ಟಾಕ್ಟಿನ್, ಟಿಕೆಎಸ್5 ಎಂಬ ಪ್ರೋಟೀನ್‌ಗಳು, ತುದಿಯಲ್ಲಿ ಕತ್ತಿಯಂಥ ಕಿಣ್ವ ಎಂಟಿ1-ಎಂಎಂಪಿ. ಜಿಎಂ6001 ಆ ಕತ್ತಿ ಕಿತ್ತುಕೊಂಡರೆ ಕೆಲವು ಕೋಶ ಗುಂಡಾಗಿ, ರೋ-ರಾಕ್ (ಕೋಶವನ್ನು ಹಿಂಡುವ ಸಂಕೇತ ಪ್ರೋಟೀನ್‌ಗಳು) ಬಲದಿಂದ ಸಂಕುಚಿಸಿ ನುಸುಳುತ್ತವೆ. ಅಲ್ಲಿ ಅಡ್ಡಿ ಮಾಡುವುದು ನ್ಯೂಕ್ಲಿಯಸ್, ಉಳಿದ ಮೈ ಎಂಥ ಸಂದಿಯಲ್ಲೂ ಹಿಗ್ಗಿ ಹೋಗುತ್ತದೆ.

ಮ್ಯಾಟ್ರಿಜೆಲ್ಲಿನ ಕೊಲಾಜೆನ್ 4 ನಿಜವಾದ ಆಧಾರ ಪೊರೆಯಲ್ಲಿದ್ದಷ್ಟು ಗಟ್ಟಿಯಾಗಿ ಹೆಣೆದಿಲ್ಲ, ಹಾಗಾಗಿ ನುಸುಳುವುದು ಸುಲಭ. "ಎಂಎಂಪಿ ಬೇಕಿಲ್ಲ" ಎಂದು ಬರೆಯುವ ಮೊದಲು ಆಮ್ಲದಲ್ಲಿ ತೆಗೆದ ಇಲಿಬಾಲದ ಕೊಲಾಜೆನ್ 1ರ ಜೆಲ್‌ನಲ್ಲೂ ನೋಡಿ. ರಾಕ್ ತಡೆಯುವ ವೈ-27632 ಅನ್ನು 10 ಮೈಕ್ರೋಮೋಲಾರ್ ಒಂಟಿಯಾಗಿ ಒಮ್ಮೆ, ಜಿಎಂ6001 ಜೊತೆ ಒಮ್ಮೆ.

ಗಂಗೋತ್ರಿ_ಸೆಲ್:
ಕೋಟಿಂಗ್ ಇಲ್ಲದ ಇನ್ಸರ್ಟ್ ಹಾಕಿರಲಿಲ್ಲ. ಜಿಎಂ6001 ಮೇಲಿನ ಭಾಗಕ್ಕೆ ಮಾತ್ರ ಕೊಟ್ಟಿದ್ದೆ, ಸಾಲದೇ?

ಕಬ್ಬಿನಗದ್ದೆ_ಮಂಡ್ಯ:
ಸಾಲದು. ಕೆಳಗೂ ಅಷ್ಟೇ ಪ್ರಮಾಣ ಕೊಡಿ, ಇಲ್ಲದಿದ್ದರೆ ಮೇಲಿನದು ಕೆಳಗಿಳಿದು ತೆಳುವಾಗುತ್ತದೆ. ಹೋಲಿಕೆಗೆ ಬರಿ ಡಿಎಂಎಸ್‌ಓ (ಔಷಧ ಕರಗಿಸುವ ದ್ರಾವಕ) ಕೊಟ್ಟ ವೆಲ್ ಬೇರೆ ಇರಲಿ.