ನಾಲ್ಕೇ ಬಣ್ಣದಲ್ಲಿ ಗರುಡ: ರೆಕ್ಕೆ ಕೆಸರಾಗುತ್ತಿದೆ

ಪ್ರಶ್ನೆ:
12×16 ಇಂಚಿನ ಕ್ಯಾನ್ವಾಸ್, ಆಯಿಲ್. ಕೈಮುಗಿದು ನಿಂತ ಗರುಡ. ಜೋರ್ನ್ ಪ್ಯಾಲೆಟ್ (ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ ಹೆಸರಿನ ನಾಲ್ಕು ಬಣ್ಣದ ಸೆಟ್): ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್ ಲೈಟ್, ಕಪ್ಪು. ಮೈಬಣ್ಣ ಸರಿಯಾಗಿದೆ. ರೆಕ್ಕೆ ಮಾತ್ರ ಬೆಳಕಲ್ಲಿ ಗುಲಾಬಿ, ನೆರಳಲ್ಲಿ ಕೆಸರು. ಕಪ್ಪಿಗೆ ಬಿಳಿ ಸೇರಿಸಿದರೆ ನೀಲಿ ಕಾಣುತ್ತದಂತೆ, ನನಗೆ ಬರೀ ಬೂದಿ.

ಉತ್ತರ 1:
ಕಪ್ಪು ಟ್ಯೂಬಿನ ಮೇಲೆ ಪಿಗ್ಮೆಂಟ್ ಸಂಖ್ಯೆ (ಯಾವ ಬಣ್ಣದ ಪುಡಿ ಎಂಬ ಗುರುತು) ನೋಡಿ. ಪಿಬಿಕೆ 9 (PBk9) ಇದ್ದರೆ ಐವರಿ ಬ್ಲ್ಯಾಕ್, ಅದೇ ಬೇಕಾದದ್ದು. ಪಿಬಿಕೆ 11 ಮಾರ್ಸ್ ಬ್ಲ್ಯಾಕ್, ಕಂದಿನ ಕಡೆ ವಾಲುತ್ತದೆ, ಅದರಲ್ಲಿ ನೀಲಿ ಹುಡುಕಬೇಡಿ. ಐವರಿಯೂ ಒಂಟಿಯಾಗಿ ನೀಲಿಯಲ್ಲ, ಪಕ್ಕದಲ್ಲಿ ಕೆಂಪು, ಓಕರ್ ಇದ್ದಾಗ ಕಣ್ಣಿಗೆ ಹಾಗೆ ಕಾಣುತ್ತದೆ. ಬಿಳಿ ಕ್ಯಾನ್ವಾಸಿನ ಮೇಲೆ ಪರೀಕ್ಷಿಸಿದರೆ ಬೂದಿಯೇ. ಓಕರ್ ತೆಳ್ಳಗೆ ಬಳಿದು ಒಣಗಿಸಿ, ಅದರ ಮೇಲೆ 6 ಪಾಲು ಬಿಳಿ, 1 ಪಾಲು ಕಪ್ಪು ಇಟ್ಟು ನೋಡಿ. ಈ ಬೂದನ್ನು ಹಿನ್ನೆಲೆಯ ಆಕಾಶಕ್ಕೆ ಹಾಕುವುದಾದರೆ ಬೇರೆ ಬ್ರಶ್ ಇರಲಿ, ಓಕರ್ ಸೋಕಿದರೆ ಹಸಿರಾಗುತ್ತದೆ.

ಗುಲಾಬಿಗೆ ಕಾರಣ ಬಿಳಿ. ಟೈಟೇನಿಯಂ ಬಹಳ ಜೋರು. ಕೆಂಪನ್ನು ಓಕರ್‌ನಿಂದ ತಿಳಿ ಮಾಡಿ, ಬಿಳಿ ಕೊನೆಯ ಹೈಲೈಟ್‌ಗೆ ಸಾಕು. ರೆಕ್ಕೆಗೆ 3 ಕೆಂಪು, 1 ಓಕರ್, ಪ್ಯಾಲೆಟ್ ನೈಫ್ ತುದಿಯಷ್ಟು ಕಪ್ಪು. ನೆರಳಿಗೆ ಕೆಂಪು, ಕಪ್ಪು ಎರಡೇ, ತೆಳ್ಳಗೆ. ಬಿಳಿ ಹತ್ತಿದ ಬ್ರಶ್ಶನ್ನು ಒರೆಸದೆ ನೆರಳಿಗೆ ಇಟ್ಟರೆ ಅಲ್ಲೇ ಕೆಸರು.

ಮಾದರಿಗೆ ನಮ್ಮ ಗರುಡ ಪಕ್ಷಿಯನ್ನೇ ನೋಡಿ: ಬಿಳಿ ತಲೆ, ಕೆಂಗಂದು ಮೈ, ಕಪ್ಪು ರೆಕ್ಕೆತುದಿ. ಈ ಪ್ಯಾಲೆಟ್‌ಗೇ ಹೇಳಿ ಮಾಡಿಸಿದ ಹಾಗಿದೆ.

ಪ್ರಶ್ನಿಸಿದವರು:
ಕಪ್ಪು ಪಿಬಿಕೆ 11 ಸರ್! ಬದಲಾಯಿಸುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ಅಲ್ಟ್ರಾಮರೀನ್ ನೀಲಿ ಹಾಕಬಹುದೇ? ಗರಿಗಳೂ ಬಾಚಣಿಗೆ ಹಲ್ಲಿನ ಹಾಗಾಗಿವೆ.

ಉತ್ತರ 2:
ಹಾಕಬಹುದು, ಜೋರ್ನ್ ಅವರ ಸಮುದ್ರದ ಚಿತ್ರಗಳಲ್ಲೂ ನೀಲಿ ಇದೆ. ಆದರೆ ನಿಜವಾದ ನೀಲಿ ಬಂದ ಕೂಡಲೇ ನಿಮ್ಮ ಬೂದು ನೀಲಿಯಾಗಿ ಕಾಣುವುದು ನಿಲ್ಲುತ್ತದೆ. ಕಲಿಕೆಯ ಚಿತ್ರಕ್ಕೆ ಬೇಡ ಅಂತಲೇ ನನ್ನ ಮತ.

ಗರಿ ಒಂದೊಂದಾಗಿ ಬರೆಯಬೇಡಿ. ಅಗಲದ ಫ್ಲಾಟ್ ಬ್ರಶ್ಶಿನಲ್ಲಿ ಇಡೀ ರೆಕ್ಕೆ ಒಂದೇ ಬಣ್ಣದಲ್ಲಿ ತುಂಬಿ, ಹಸಿ ಇರುವಾಗಲೇ ಮೂರು ಪಟ್ಟಿ ಮಾಡಿ: ಭುಜದ ಹತ್ತಿರದ ಚಿಕ್ಕ ಗರಿ, ಮೊಣಕೈಯಿಂದ ಮಣಿಕಟ್ಟಿನವರೆಗಿನ ಮಧ್ಯದವು, ತುದಿಯ ಉದ್ದನೆಯ 10. ಬಿಡಿಬಿಡಿಯಾಗಿ ಕಾಣಬೇಕಾದ್ದು ಆ ತುದಿಯವು ಮಾತ್ರ, ಅಲ್ಲೂ ಎಲ್ಲ ಸಂದುಗಳಿಗೆ ಒಂದೇ ಕಪ್ಪು ಬೇಡ. ಮೈಗೆ ತಾಗುವ ಅಂಚನ್ನು ಒಣ ಬ್ರಶ್ಶಿನಿಂದ ಮಸುಕು ಮಾಡಿ.

ಉತ್ತರ 1:
ಒಂದು ಬಿಟ್ಟುಹೋಗಿತ್ತು. ಐವರಿ ಬ್ಲ್ಯಾಕ್‌ನಲ್ಲಿ ಎಣ್ಣೆ ಹೆಚ್ಚು, ನಿಧಾನ ಒಣಗುತ್ತದೆ. ಕೆಳಪದರದಲ್ಲಿ ದಪ್ಪಗೆ ಹಾಕಿದರೆ ಮೇಲಿನದು ಬಿರುಕು ಬಿಡಬಹುದು. ಮೊದಲ ಕೋಟ್ ಟರ್ಪೆಂಟೈನ್‌ನಲ್ಲಿ ತೆಳ್ಳಗೆ, ಲಿನ್ಸೀಡ್ ಎಣ್ಣೆ ಮೇಲಿನ ಪದರಗಳಿಗಷ್ಟೇ. ಕೆಸರಾದ ಜಾಗ ಇನ್ನೂ ಹಸಿ ಇದ್ದರೆ ನೈಫಿನಲ್ಲಿ ಕೆರೆದು ತೆಗೆಯಿರಿ, ಮೇಲೆ ಬಳಿದು ಸರಿಮಾಡಲು ಹೋಗಬೇಡಿ.